ಮಣೆಯೂ ಮಣಿಯೂ

ಯಾರ ಮನೆಗೆ ಹೋದರೂ ನಾನೀಗ ಮೊದಲು ಚಾವಣಿ ನೋಡುತ್ತೇನೆ, ಆಮೇಲೆ ಮನೆಯವರನ್ನು. ಅವರು ನಾನು ಫ್ಯಾನ್ ಮೆಚ್ಚಿಕೊಂಡೆ ಎಂದುಕೊಳ್ಳುತ್ತಾರೆ. ತಿದ್ದಲು ಹೋಗುವುದಿಲ್ಲ.

ಹೋದ ಮಳೆಗಾಲ, ಪಣಜಿಯಿಂದ ಬಸ್ಸಿನ ದಾರಿಯಲ್ಲಿರುವ ಮಂಗೋರ್ ಹಿಲ್‌ನ ನಮ್ಮ ಮನೆಯಲ್ಲಿ ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ. ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಪಕ್ಕದ ಮನೆಯ ಕೊಂಕಣಿ ಬಾಯಿ ಬಾಗಿಲಲ್ಲಿ ನಿಂತು "ರಾಂದಪ ಜಾಲೆಂ?" ಎಂದರು. ಅಡುಗೆ ಆಯಿತೇ ಎಂದು ದಿನವೂ ಕೇಳುತ್ತಾರೆ, ದಿನವೂ ನಾನು ಕೂತಲ್ಲಿಂದಲೇ ಉತ್ತರ ಕೊಡುತ್ತೇನೆ. ಅಂದು ಏಕೋ ಎದ್ದು ಹೋದೆ. ಬೆನ್ನ ಹಿಂದೆ ದೊಡ್ಡ ಸದ್ದಾಯಿತು. ತಿರುಗಿ ನೋಡಿದರೆ ಚಾವಣಿಯ ಗಾರೆ ದೊಡ್ಡ ಚಕ್ಕೆಯಾಗಿ ಬಿದ್ದಿತ್ತು. ಮಣೆ ಎರಡು ಹೋಳು. ಸೊಪ್ಪಿನ ಬುಟ್ಟಿ ಮಾತ್ರ ಇಟ್ಟಲ್ಲೇ ಇತ್ತು.

ಚಾವಣಿ ಬೇಗ ರಿಪೇರಿಯಾಯಿತು, ನಾನು ಆಗಲಿಲ್ಲ. ಆ ಜಾಗದಲ್ಲಿ ಕೂರಲು ಧೈರ್ಯ ಬರದೆ ಸೊಪ್ಪನ್ನು ನಿಂತೇ ಬಿಡಿಸತೊಡಗಿದೆ. ದೀಪಾವಳಿ ಹತ್ತಿರ ಬರುತ್ತಿತ್ತು. ನಮ್ಮಲ್ಲಿ ಅಂದು ಬೆಳಿಗ್ಗೆ ಮಣೆಯ ಮೇಲೆ ಕೂರಿಸಿ, ತಲೆಗೆ ಎಣ್ಣೆ ಹಚ್ಚಿ, ಆರತಿ ಎತ್ತುವ ಪದ್ಧತಿ. ಒಡೆದ ಮಣೆ ಧಾರವಾಡದಿಂದ ಅವ್ವ ನನ್ನ ಮದುವೆಯ ಸಾಮಾನಿನ ಜೊತೆ ಕಳಿಸಿದ್ದು. ಎಣ್ಣೆ ಕುಡಿದು ಕಪ್ಪಾಗಿತ್ತು. ಅಜ್ಜಿ, ಅವ್ವ, ನಾನು ಕೂತೂ ಕೂತೂ ನಡುವೆ ತುಸು ತಗ್ಗು ಬಿದ್ದಿತ್ತು. ಚಿಕ್ಕವಳಿದ್ದಾಗ ಆ ತಗ್ಗಿನಲ್ಲಿ ಕೂತು, ಕಣ್ಣಿಗಿಳಿಯುವ ಎಣ್ಣೆಯನ್ನು ಮುಂಗೈಯಿಂದ ಒರೆಸಿಕೊಂಡದ್ದು ಇನ್ನೂ ಕೈಗೆ ನೆನಪಿದೆ.

ಕನ್ನಡದಲ್ಲಿ ಮಣೆಗಿರುವ ಮರ್ಯಾದೆ ಕುರ್ಚಿಗಿಲ್ಲ. ಮದುವೆಗೆ ಹಸೆಮಣೆ, ಅಡುಗೆಗೆ ಈಳಿಗೆಮಣೆ, ಆಟಕ್ಕೆ ಚನ್ನೆಮಣೆ. ಯಾರನ್ನಾದರೂ ಗೌರವಿಸಿದರೆ ಮಣೆ ಹಾಕಿದರು ಎನ್ನುತ್ತೇವೆ, ಸೋಫಾ ಹಾಕಿದರು ಎನ್ನುವುದಿಲ್ಲ.

"ಹೊಸಾದು ತಂದ್ರಾತು," ಎಂದರು ನಮ್ಮವರು.

"ಬ್ಯಾಡ್ರಿ. ನಾನೇ ಮಾಡ್ತೀನಿ."

"ನೀನು? ಒಂದು ಮೊಳಿ ಹೊಡೀಬೇಕಾದ್ರ ನನ್ನ ಕರೀತಿ. ನಾ ಹೋಗಿ ಬಾಜೂಮನಿಯವ್ರನ್ನ ಕರೀತೀನಿ."

ಪಣಜಿಯಲ್ಲಿ ನನ್ನ ಆಫೀಸಿನ ಹಿಂದಿನ ಗಲ್ಲಿಯಲ್ಲಿ, ಹಳೆಯ ಮನೆಯೊಂದರ ಜಗಲಿಯಲ್ಲಿ, ಏನೂ ಬಾರದವರಿಗೆಂದೇ ಶನಿವಾರದ ಬಡಗಿ ಕ್ಲಾಸು. ಮೇಲೆ ಬರೀ ಹಂಚು, ಗಾರೆ ಇಲ್ಲ. ಅದನ್ನು ನೋಡಿಯೇ ಹೆಸರು ಹಚ್ಚಿದೆ. ಕಲಿಸುವವರು ಆಂತೋನ್ ಮೇಸ್ತ. ಇಲ್ಲಿ ಬಡಗಿಗೆ ಮೇಸ್ತ ಎನ್ನುತ್ತಾರೆ. ಯಾರು ಏನು ಮಾಡುತ್ತೀರಿ ಎಂದು ಅವರು ಹಿಂದಿಯಲ್ಲಿ ಕೇಳಿದರು. ಒಬ್ಬರು ಚಹಾದ ಟ್ರೇ ಎಂದರು, ಇನ್ನೊಬ್ಬರು ಪುಸ್ತಕದ ಸ್ಟ್ಯಾಂಡು. ನಾನು "ಮಣಿ" ಎಂದೆ.

ಧಾರವಾಡದ ಬಾಯಲ್ಲಿ ಮನೆ ಮನಿ, ಮಳೆ ಮಳಿ, ಮಣೆ ಮಣಿ. ಕೊಂಕಣಿಯವರಿಗೆ ಮಣಿ ಎಂದರೆ ಸರದ ಮಣಿ. ಮೇಸ್ತ ನನ್ನ ಕೈಗೆ ನಿಂಬೆಹಣ್ಣಿನಷ್ಟು ಮರದ ತುಂಡು, ಒಂದು ಹಾಳೆ ಪಾಲಿಶ್ ಪೇಪರ್ ಇಟ್ಟರು. ಇದು ಮೊದಲ ಪಾಠವಿರಬೇಕೆಂದು ನಾನು ಮಧ್ಯಾಹ್ನವೆಲ್ಲ ಉಜ್ಜಿದೆ. ಗುಂಡಗಾಯಿತು. ಅವರು ನಡುವೆ ತೂತು ಕೊರೆದು, ದಾರ ಪೋಣಿಸಿ, "ಬೀಚ್ ಪೇ ಬೇಚೋಗಿ ಕ್ಯಾ, ಬಾಯ್?" ಎಂದರು. ಬೀಚಿನಲ್ಲಿ ಮಣಿಸರ ಮಾರುವ ನಮ್ಮ ಕಡೆಯ ಹೆಂಗಸರನ್ನು ಅವರು ದಿನವೂ ನೋಡುವವರು. ಕನ್ನಡದವಳು ಮಣಿ ಎಂದರೆ ಇನ್ನೇನು ತಿಳಿಯಬೇಕು?

ನನಗೆ ಹಿಂದಿಯೂ ಸಿಗಲಿಲ್ಲ, ಕೊಂಕಣಿಯೂ ಸಿಗಲಿಲ್ಲ. ಕೊನೆಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೆಳಗೆ ಬೆರಳು ಮಾಡಿ ತೋರಿಸಿದೆ.

"ಅರೇ, ಪಾಟ್!" ಎಂದು ಮೇಸ್ತ ಹಣೆ ಬಡಿದುಕೊಂಡರು. ಮಣೆಗೆ ಅವರ ಮಾತು ಅದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೂರುವ ಮೊದಲು ಮೇಲೆ ನೋಡಿರಲಿಲ್ಲವೆಂಬುದು ಎದ್ದ ಮೇಲೆ ಹೊಳೆಯಿತು.

ಮುಂದಿನ ವಾರಗಳಲ್ಲಿ ಹಲಸಿನ ಹಲಗೆ ಬಂತು. ಅದರ ಮೇಲೆ ರಂದಾ, ಎಂದರೆ ಕೀಸುಳಿ, ಹೊಡೆಯಲು ಕಲಿತೆ. ಹಳದಿ ಸುರುಳಿಗಳು ಏಳುವಾಗ ರಂದಾಕ್ಕೂ ರಾಂದಪಕ್ಕೂ ಹೆಚ್ಚು ದೂರವಿಲ್ಲ ಎನಿಸಿ, ಬಾಗಿಲಲ್ಲಿ ನಿಂತ ಬಾಯಿ ಕಣ್ಣಮುಂದೆ ಬರುತ್ತಿದ್ದರು. ಹಲಗೆಯೇನೋ ನುಣುಪಾಯಿತು. ಕೆಳಗಿನ ಎರಡು ಅಡ್ಡಪಟ್ಟಿಗಳು ಮಾತ್ರ ಒಂದಕ್ಕೊಂದು ಹೊಂದಲಿಲ್ಲ. ಎಡಗಡೆ ಕೆತ್ತಿದರೆ ಎಡಕ್ಕೆ ವಾಲುತ್ತಿತ್ತು, ಬಲಗಡೆ ಕೆತ್ತಿದರೆ ಬಲಕ್ಕೆ. ಇನ್ನೂ ಕೆತ್ತಿದರೆ ಇದರ ಮೇಲೆ ಚಪಾತಿ ಲಟ್ಟಿಸಬೇಕಾದೀತೆಂದು ನಿಲ್ಲಿಸಿದೆ.

ದೀಪಾವಳಿಯ ಬೆಳಿಗ್ಗೆ ನಮ್ಮವರು ಮಣೆಯನ್ನು ಅದೇ ಜಾಗದಲ್ಲಿ ಹಾಕಿದರು. ಎಣ್ಣೆಯ ಬಟ್ಟಲು ಹಿಡಿದು, "ಮಾಡಿದಾಕಿ ನೀನು. ಮೊದಲ ನೀ ಕೂಡು. ಕೂಡ್ತಿಯಿಲ್ಲೋ?" ಎಂದರು.

ಮೇಲೆ ನೋಡಿದೆ. ಹೊಸ ಗಾರೆ ಬೆಳ್ಳಗಿತ್ತು. ಕೂತೆ. ಕಟ್ ಎಂದಿತು. ನಮ್ಮವರು ಬೆಚ್ಚಿ, ಬಟ್ಟಲು ಹಿಡಿದುಕೊಂಡೇ ಚಾವಣಿ ನೋಡಿದರು.

"ಮ್ಯಾಲೆ ಅಲ್ರಿ, ಕೆಳಗ," ಎಂದೆ. "ಮಣಿ ಅಲಗಾಡಾಕತ್ತೇತಿ."

ಮಣೆಯ ಕೆಳಗೆ ಕಾಗದ ಮಡಚಿ ಇಡಲೇ ಎಂದು ಕೇಳಿದರು. ಬೇಡ ಎಂದೆ. ಇಷ್ಟು ದಿನ ಈ ಮನೆಯಲ್ಲಿ ಅಲುಗಾಡುತ್ತಿದ್ದವಳು ನಾನು. ಇನ್ನು ಆ ಕೆಲಸವನ್ನು ಮಣೆ ನೋಡಿಕೊಳ್ಳಲಿ.