ಬೆರಳಿಗೆ ಕಲಿಸಿದ ಪಕ್ಷ

ನಿಮ್ಮ ಪಕ್ಷವನ್ನು ನೀವು ಆರಿಸಿಕೊಂಡಿಲ್ಲ. ಅದು ನಿಮ್ಮಪ್ಪ ಕೊಟ್ಟದ್ದು. ಅವನಿಗೆ ಅವನಪ್ಪ ಕೊಟ್ಟಿದ್ದ. ಇದು ನಿಮಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ನಮ್ಮೂರು ತಾಕುವಾಪಿಯ ಸಂತೆಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಕೇಳಿ, ‘ನಾನು ಯೋಚನೆ ಮಾಡಿ ಸೇರಿದವನು’ ಎಂದು ಎದೆ ತಟ್ಟಿಕೊಳ್ಳುತ್ತಾನೆ. ಯಾವಾಗ ಯೋಚಿಸಿದೆಯಪ್ಪಾ? ತೊಟ್ಟಿಲಲ್ಲಿ ಮಲಗಿ ಕಾಲ್ಬೆರಳು ಚೀಪುತ್ತಿದ್ದ ನಿನ್ನ ಕತ್ತಿಗೆ ಕೆಂಪು ವಸ್ತ್ರವನ್ನೋ ನೀಲಿ ವಸ್ತ್ರವನ್ನೋ ಸುತ್ತಿ ಫೋಟೊ ತೆಗೆಸಿದ್ದರಲ್ಲ, ಆಗಲೇ?

ಪರಾಗ್ವೆಯಲ್ಲಿ ಒಂದೇ ಪಕ್ಷದವರು ಒಬ್ಬರನ್ನೊಬ್ಬರು ‘ಸಹಧರ್ಮಿ’ ಎಂದು ಕರೆಯುತ್ತಾರೆ. ಒಂದೇ ಇಗರ್ಜಿಯಲ್ಲಿ ಮಂಡಿಯೂರುವವರು ಹಾಗೆ ಕರೆದುಕೊಳ್ಳುವುದಿಲ್ಲ, ಒಂದೇ ಬಣ್ಣದ ಬಟ್ಟೆ ಸುತ್ತಿಕೊಂಡವರು ಕರೆದುಕೊಳ್ಳುತ್ತಾರೆ. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಬೇಡ ಎನ್ನುತ್ತಾರೆ ಹಿರಿಯರು. ನಮ್ಮೂರವರು ನೇಣು ಹಾಕಿಕೊಳ್ಳುತ್ತಾರೆ. ಅದಕ್ಕೂ ಮುಂಚೆ ಮರಕ್ಕೆ ಬಣ್ಣ ಬಳಿಯುತ್ತಾರೆ.

ಎಲಿಹಿಯೊ ಬಾರಿಯೆಂತೊಸ್ ನೀಲಿ ಮನೆಯಲ್ಲಿ ಹುಟ್ಟಿದವನು. ಹಾರ್ಪ್ ನುಡಿಸಿ ಬದುಕಿದವನು. ಅವನಪ್ಪ ಹಸಿಂತೊ ಕೂಡ ಹಾರ್ಪ್ ವಾದಕ. ಆತ ಮಗನಿಗೆ ಅಕ್ಷರಕ್ಕಿಂತ ಮೊದಲು ತಂತಿ ಕಲಿಸಿದ. ತಂತಿಯಲ್ಲಿ ಮೊದಲು ಕಲಿಸಿದ್ದು ನೀಲಿ ಪಕ್ಷದ ಪೊಲ್ಕ. ನಮ್ಮಲ್ಲಿ ಪಕ್ಷಕ್ಕೊಂದು ಪೊಲ್ಕ, ಅಂದರೆ ಕುಣಿತದ ಹಾಡು, ಇದೆ. ಅದು ಕೇಳಿಸಿದರೆ ಆಯಾ ಬಣ್ಣದವರು ಕುರ್ಚಿ ಬಿಟ್ಟೆದ್ದು ‘ಪೀಪೂ’ ಎಂದು ಕೂಗಿ ಕುಣಿಯಲೇಬೇಕು. ಬೇರೆ ಬಣ್ಣದವರು ಚಾಕು ಹುಡುಕಲೇಬೇಕು. ಬೆಳಗಿನ ಮರಗೆಣಸು ಬಾಯಿಗೆ ಬೀಳಬೇಕಾದರೆ ಹುಡುಗ ಎಲಿಹಿಯೊ ಮೊದಲು ಆ ಪೊಲ್ಕ ತಪ್ಪಿಲ್ಲದೆ ನುಡಿಸಬೇಕಿತ್ತು. ತಪ್ಪಿದರೆ ಬೆರಳಿಗೆ ಏಟು. ಒಮ್ಮೆ ಅವನು ಕೇಳಿದನಂತೆ:

“ಅಪ್ಪಾ, ಈ ಹಾಡಿನ ಅರ್ಥ ಏನು?”

“ಅರ್ಥ ಗಿರ್ಥ ಏನೂ ಇಲ್ಲ. ಇದು ನಮ್ದು, ಅಷ್ಟೆ. ಬೆರಳು ಬಗ್ಗಿಸು.”

ನಮ್ಮ ರಾಜಕೀಯದ ಬಗ್ಗೆ ರಾಜಧಾನಿ ಅಸುನ್ಸಿಯೋನಿನ ದೊಡ್ಡ ದೊಡ್ಡ ಪಂಡಿತರು ಬರೆದದ್ದನ್ನೆಲ್ಲ ಓದಿದ್ದೇನೆ. ಹಸಿಂತೊನ ಈ ಮಾತಿಗಿಂತ ಹೆಚ್ಚಿನದನ್ನು ಯಾರೂ ಹೇಳಿಲ್ಲ.

ಎಲಿಹಿಯೊ ದೊಡ್ಡವನಾದ. ನೀಲಿಯವರ ಮದುವೆ, ನೀಲಿಯವರ ನಾಮಕರಣ, ನೀಲಿಯವರ ತಿಥಿ ಎಲ್ಲದರಲ್ಲೂ ನುಡಿಸಿದ. ಕೆಂಪು ಮನೆಗಳ ಅಂಗಳ ತುಳಿಯಲಿಲ್ಲ. ಹೆಂಡತಿ ಬೇಗ ತೀರಿಹೋದಳು. ಉಳಿದವಳು ಒಬ್ಬಳೇ ಮಗಳು, ನೆಲಿದಾ. ಅವಳು ಅಸುನ್ಸಿಯೋನಿಗೆ ಹೋಗಿ ಸಂಗೀತದ ಶಿಕ್ಷಕಿಯಾಗಲು ಓದಿ, ಪಾಸಾಗಿ ಬಂದಳು. ಊರಿನ ಶಾಲೆಯಲ್ಲಿ ಸಂಗೀತದ ಹುದ್ದೆ ಖಾಲಿಯಿತ್ತು. ಗಿಟಾರುಗಳು ಬೀರುವಿನೊಳಗೆ ಗೆದ್ದಲು ತಿನ್ನಿಸಿಕೊಳ್ಳುತ್ತಿದ್ದವು. ಹುದ್ದೆಗೆ ಬೇಕಾದದ್ದೆಲ್ಲ ಅವಳಲ್ಲಿತ್ತು, ಒಂದನ್ನು ಬಿಟ್ಟು: ಕೆಂಪು ಪಕ್ಷದ ಊರ ಘಟಕದ ಮುಖಂಡ, ಊರಿಗೆಲ್ಲ ‘ಡಾನ್’ ಅಂದರೆ ಯಜಮಾನನಾದ, ರಿಗೊಬೆರ್ತೊನ ಒಂದು ಮಾತು.

ಮಗಳಿಗೆ ಹೇಳದೆ ಎಲಿಹಿಯೊ ಅವನ ಮನೆಗೆ ಹೋದ. ರಿಗೊಬೆರ್ತೊ ಜಗಲಿಯಲ್ಲಿ ಕೂತು ತೆರೆರೆ ಹೀರುತ್ತಿದ್ದ. ಮಂಜುಗಡ್ಡೆ ಹಾಕಿದ ಆ ಕಹಿ ಎಲೆನೀರಿನ ಕೊಂಬಿನ ಲೋಟವನ್ನು ಬಂದವನ ಕೈಗೂ ಕೊಡುವುದು ಇಲ್ಲಿನ ಪದ್ಧತಿ. ಅವನು ಕೊಡಲಿಲ್ಲ.

“ಓಹೋ, ನೀಲಿ ಹಕ್ಕಿ! ದಾರಿ ತಪ್ತಾ ಚಾಮಿಗೊ?” ಎಂದ. ಚಾಮಿಗೊ ಎಂದರೆ ಗೆಳೆಯ. ಈ ದೇಶದಲ್ಲಿ ಬೈಗುಳವೂ ಅದೇ.

“ಮಗಳ ಕೆಲಸದ ವಿಷ್ಯ, ಡಾನ್ ರಿಗೊ. ಅವಳು ಓದಿದಾಳೆ.”

“ಓದಿದ್ರೆ ಸಾಕೇನಯ್ಯ? ನಮ್ ಹುಡುಗೀರು ಓದಿಲ್ವಾ?”

“ಸಂಗೀತ ಓದಿಲ್ಲ.”

ರಿಗೊಬೆರ್ತೊ ನಕ್ಕ. “ನೋಡು, ನಾನು ಕಲ್ಲಲ್ಲ. ಬರೋ ಭಾನುವಾರ ನನ್ ಹುಟ್ಟುಹಬ್ಬ. ಮಧ್ಯಾಹ್ನ ಚೌಕದಲ್ಲಿ ಊಟ. ನೀನು ಬಂದು ನಮ್ ಪೊಲ್ಕ ನುಡ್ಸು. ಒಂದೇ ಒಂದು ಸಲ. ಊರೆಲ್ಲ ನೋಡ್ಲಿ. ಸೋಮವಾರ ನಿನ್ ಮಗಳು ಶಾಲೇಲಿರ್ತಾಳೆ.”

ಒಂದು ಹಾಡಿಗೆ ಒಂದು ಹುದ್ದೆ. ಲಂಚವೆಂದು ಇದನ್ನು ಯಾರೂ ಕರೆಯುವುದಿಲ್ಲ, ಯಾಕೆಂದರೆ ಕೊಳೆತದ್ದು ಎಲ್ಲರ ಮನೆಯಲ್ಲೂ ಇದ್ದರೆ ವಾಸನೆ ತಿಳಿಯುವುದಿಲ್ಲ.

ಎಲಿಹಿಯೊ ಒಪ್ಪಿದ. ಸುದ್ದಿ ಅವನಿಗಿಂತ ಮೊದಲು ಮನೆ ಮುಟ್ಟಿತ್ತು. ಅವನ ಅಣ್ಣ, ನೀಲಿ ಪಕ್ಷದ ಮುಖಂಡ ಅನ್ಸೆಲ್ಮೊ, ಬೇಲಿಯಾಚೆ ನಿಂತೇ ಉಗಿದ: “ಅಪ್ಪನ ಗೋರಿ ಮೇಲೆ ಉಚ್ಚೆ ಹೊಯ್ದಂಗಾಯ್ತಲ್ಲೋ! ಇನ್ಮೇಲೆ ನಂಗೆ ತಮ್ಮ ಇಲ್ಲ.” ನೆಲಿದಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. “ಅಪ್ಪಾ, ಬೇಡ” ಎಂದಳು. “ನೀನು ಸುಮ್ನಿರು, ನಿಂಗಿದೆಲ್ಲ ತಿಳಿಯಲ್ಲ” ಎಂದ ಅಪ್ಪ. ಓದಿ ಬಂದ ಮಗಳಿಗೆ ಎಲ್ಲ ಅಪ್ಪಂದಿರೂ ಹೇಳುವ ಮಾತು.

ಭಾನುವಾರ ಚೌಕದ ತುಂಬ ಕೆಂಪು. ಕಂಬಿಗೆ ಚುಚ್ಚಿದ ಮಾಂಸ ಕೆಂಡದ ಮೇಲೆ ತೊಟ್ಟಿಕ್ಕುತ್ತಿತ್ತು. ಎಲಿಹಿಯೊ ಹಾರ್ಪ್ ನಿಲ್ಲಿಸಿ ಕಣ್ಣು ಮುಚ್ಚಿದ. ಕೆಂಪು ಪೊಲ್ಕ ಶುರುವಾಯಿತು. ಇಡೀ ಚೌಕ ಎದ್ದು ನಿಂತಿತು. ಪೀಪೂ! ರಿಗೊಬೆರ್ತೊ ಹೆಂಡತಿಯನ್ನು ಬಿಟ್ಟು ಹಾರ್ಪಿನ ಮುಂದೆಯೇ ಕುಣಿಯತೊಡಗಿದ. ಮೊದಲ ಭಾಗ ಸರಿಯಾಗಿ ಮುಗಿಯಿತು. ಎರಡನೆಯ ಭಾಗಕ್ಕೆ ಹೊರಳುವ ಕಡೆ ಒಂದು ತಿರುವಿದೆ, ಬಲಗೈ ಕೆಳಕ್ಕಿಳಿದು ಮತ್ತೆ ಮೇಲಕ್ಕೆ ಹೋಗಬೇಕು. ಬಲಗೈ ಇಳಿಯಿತು. ಮೇಲಕ್ಕೆ ಹೋದಾಗ ಅದು ಹೋದದ್ದು ಹಸಿಂತೊ ತೋರಿಸಿದ ದಾರಿಯಲ್ಲಿ. ಹಸಿದ ಹೊಟ್ಟೆಯಲ್ಲಿ ಕಲಿತ ಬೆರಳು ಯಜಮಾನನನ್ನು ಕೇಳುವುದಿಲ್ಲ. ಚೌಕದ ತುಂಬ ನೀಲಿ ಪೊಲ್ಕ ಹರಿಯಿತು.

ಆಗ ಕೆಂಪಿನವರು ಏನು ಮಾಡಿದರು ಗೊತ್ತೇ? ಕುಣಿದರು. ಮೊದಲಿಗಿಂತ ಜೋರಾಗಿ ಕುಣಿದರು! ಹುಟ್ಟಾ ಕೆಂಪು, ರಕ್ತವೇ ಕೆಂಪು ಎಂದು ಮೀಸೆ ತಿರುವುವವರು ಶತ್ರುವಿನ ಹಾಡಿಗೆ ವಸ್ತ್ರ ಬೀಸುತ್ತ, ಪೀಪೂ ಎಂದು ಕಿರುಚುತ್ತ ಮೂರು ಸುತ್ತು ಹಾಕಿದರು. ಕಾಲಿಗೆ ಯಾವ ಪಕ್ಷ? ಅದಕ್ಕೆ ತಾಳ ಸಿಕ್ಕರೆ ಸಾಕು. ಕೊನೆಗೆ ರಿಗೊಬೆರ್ತೊನ ಮುದಿ ಅಮ್ಮ, ಕುಣಿಯಲಾರದೆ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದವಳು, ಕೋಲು ಕುಟ್ಟಿ ಕೂಗಿದಳು:

“ನಿಲ್ಸ್ರೋ ಕತ್ತೆಗಳಾ! ಇದು ಆ ನೀಲಿ ನಾಯಿಗಳ ಹಾಡು ಕಣ್ರೋ!”

ಅವಮಾನವೆನ್ನುವುದು ಕುಣಿದು ಮುಗಿದ ಮೇಲೆ ಗೊತ್ತಾದರೆ ಇನ್ನೂ ಕೆಟ್ಟದ್ದು. ಕುರ್ಚಿಗಳು ಹಾರಿದವು. ಹಾರ್ಪಿನ ಕತ್ತು ಮುರಿಯಿತು. ಎಲಿಹಿಯೊನ ಹುಬ್ಬು ಒಡೆಯಿತು. “ಬೇಕಂತ ಮಾಡ್ದ!” ಎಂದರು. ಬೇಕೆಂದು ಮಾಡುವಷ್ಟು ಪೊಗರು ಆ ಬಡಪಾಯಿಗೆ ಇದ್ದಿದ್ದರೆ ನಾನು ಅವನನ್ನು ಹೆಗಲ ಮೇಲೆ ಹೊರುತ್ತಿದ್ದೆ. ಸೋಮವಾರ ಸಂಗೀತದ ಹುದ್ದೆ ರಿಗೊಬೆರ್ತೊನ ಸೋದರಸೊಸೆಗೆ ಹೋಯಿತು. ಆಕೆ ಗಿಟಾರನ್ನು ಹಿಡಿಯುವುದು ಪೊರಕೆ ಹಿಡಿದಂತೆ.

ಕೆಂಪಿನವರಿಗೆ ಬೈದೆನೆಂದು ಇಷ್ಟು ಹೊತ್ತು ಖುಷಿಯಾಗಿ ಓದುತ್ತಿರುವ ನೀಲಿ ಓದುಗರೇ, ಸ್ವಲ್ಪ ತಾಳಿ.

ಮಾರನೆಯ ದಿನ ಅನ್ಸೆಲ್ಮೊ ಬಂದ. ತಮ್ಮನೇ ಇಲ್ಲವೆಂದಿದ್ದವನು ಈಗ ಬಾಗಿಲಲ್ಲೇ ತಬ್ಬಿಕೊಂಡ. ಕೈಯಲ್ಲಿ ಹೊಸ ನೀಲಿ ವಸ್ತ್ರ.

“ರಕ್ತ ಮಾತಾಡ್ತು ಕಣೋ ತಮ್ಮಾ! ಅಪ್ಪನ ರಕ್ತ! ಶನಿವಾರ ಮೆರವಣಿಗೆ ಇಟ್ಕೊಂಡಿದೀವಿ. ನಿನ್ನ ಹೊತ್ಕೊಂಡು ಹೋಗ್ತೀವಿ. ನೀನು ಇದನ್ನ ಕತ್ತಿಗೆ ಹಾಕ್ಕೊಂಡು ಒಂದ್ ಮಾತಾಡು, ಸಾಕು. ಪಕ್ಕದೂರಿನ ಶಾಲೆ ನಮ್ಮೋರ ಕೈಲಿದೆ. ನೆಲಿದಾಗೆ ಅಲ್ಲಿ ಜಾಗ.”

ಎಲಿಹಿಯೊ ಹುಬ್ಬಿನ ಗಾಯ ಒತ್ತಿಕೊಂಡು ಹೇಳಿದ: “ರಕ್ತ ಅಲ್ಲ ಅಣ್ಣಾ. ರೂಢಿ.”

“ಎರಡೂ ಒಂದೇ ಕಣೋ.”

“ಒಂದೇ ಅಲ್ಲ. ರಕ್ತ ಆಗಿದ್ರೆ ಅಪ್ಪ ಯಾಕೆ ಹೊಡ್ದು ಕಲಿಸ್ಬೇಕಿತ್ತು?”

ಅನ್ಸೆಲ್ಮೊ ನೀಲಿ ವಸ್ತ್ರವನ್ನು ಮೇಜಿನ ಮೇಲೆ ಹರಡಿದ. ಎಲಿಹಿಯೊ ಮಗಳ ಕಡೆ ತಿರುಗಿದ. ಹುಟ್ಟಿದಾಗಿನಿಂದ ಕೇಳದೇ ಇದ್ದದ್ದನ್ನು ಆಗ ಕೇಳಿದ: “ನಿಂದು ಯಾವ್ದು ಮಗಾ?”

ನೆಲಿದಾ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. “ಈಗ ಕೇಳ್ತಿದೀಯಾ? ಹೋದ್ಸಲ ಮೇಯರಿಗೆ ಕೆಂಪಿಗೆ ಹಾಕ್ದೆ. ಬಾವಿ ತೋಡಿಸ್ದ ಅಂತ. ಕೌನ್ಸಿಲಿಗೆ ನೀಲಿಯೋಳಿಗೆ ಹಾಕ್ದೆ, ಅವಳು ಸುಳ್ ಹೇಳಲ್ಲ ಅಂತ. ಮಿಕ್ಕಿದ್ದು ಖಾಲಿ ಬಿಟ್ಟೆ.”

“ಕೆಂಪಿಗಾ?” ಎಲಿಹಿಯೊ ಮೇಜು ಗುದ್ದಿ ಎದ್ದ. ಹೌದು, ಒಡೆದ ಹುಬ್ಬಿನ ಅವನೇ. ಕೈ ಮೇಲೆತ್ತಿದ್ದ ಕೂಡ. ಅವಳು ಕದಲಲಿಲ್ಲ.

“ಹೊಡಿ. ನಿನ್ನಪ್ಪನೂ ಹಾಗೇ ಕಲಿಸಿದ್ದು ಅಲ್ವಾ? ನಂಗೆ ಕೆಲ್ಸ ಬೇಕು ಅಪ್ಪಾ, ತುಂಬಾ ಬೇಕು. ನಾನು ಕಲ್ತಿದೀನಿ ಅಂತ ಕೊಟ್ರೆ ತಗೋತೀನಿ. ನೀನು ಬಟ್ಟೆ ಸುತ್ಕೊಂಡೆ ಅಂತ ಕೊಟ್ರೆ ಅದು ನನ್ ಕೆಲ್ಸ ಅಲ್ಲ.”

ಅವನು ಕೈ ಇಳಿಸಿದ. ಆಮೇಲೆ ನೀಲಿ ವಸ್ತ್ರವನ್ನು ಮಡಿಚಿ ಅಣ್ಣನ ಜೇಬಿಗೆ ತುರುಕಿದ.

“ಸತ್ತಾಗ ನಿನ್ ಪೆಟ್ಟಿಗೆ ಮೇಲೆ ಯಾರು ಪಕ್ಷದ ಬಟ್ಟೆ ಹೊದಿಸ್ತಾರೋ ನಾನೂ ನೋಡ್ತೀನಿ” ಎಂದ ಅನ್ಸೆಲ್ಮೊ.

“ಮನೇಲಿ ಕಂಬಳಿ ಇದೆ” ಎಂದ ಎಲಿಹಿಯೊ.

ನೀವು ಇದನ್ನು ಗೆಲುವೆಂದುಕೊಂಡು ಕಣ್ಣೊರೆಸಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ನೆಲಿದಾ ಈಗ ಗಡಿಯಾಚೆಯ ಬ್ಯೂನಸ್ ಐರಿಸ್‌ನಲ್ಲಿ ಯಾರದೋ ಮಕ್ಕಳ ಮೂಗು ಒರೆಸುತ್ತಿದ್ದಾಳೆ. ಎಲಿಹಿಯೊನನ್ನು ಯಾವ ಮದುವೆಗೂ ಕರೆಯುವುದಿಲ್ಲ. ನಮ್ಮೂರಲ್ಲಿ ಬಣ್ಣವಿಲ್ಲದ ಮದುವೆಯೇ ಇಲ್ಲ. ಹಾರ್ಪಿಗೆ ತಾನೇ ಹೊಸ ಕತ್ತು ಕೂರಿಸಿದ್ದಾನೆ. ಬೆಳಿಗ್ಗೆ ಎದ್ದು ಅದರ ಮುಂದೆ ಕೂತು ಯಾವ ಬಣ್ಣದ್ದೂ ಅಲ್ಲದ ಹಾಡೊಂದನ್ನು ಹಿಡಿಯುತ್ತಾನೆ, ಬೆರಳು ಹಳೆಯ ದಾರಿ ಹಿಡಿದ ತಕ್ಷಣ ನಿಲ್ಲಿಸುತ್ತಾನೆ, ಮತ್ತೆ ಮೊದಲಿಂದ ಶುರು ಮಾಡುತ್ತಾನೆ. ಈ ವಯಸ್ಸಿನಲ್ಲಿ! ಮಗಳು ಫೋನಿನಲ್ಲಿ ‘ಇವತ್ತು ಎಲ್ಲಿವರೆಗೆ ಹೋಯ್ತು ಅಪ್ಪಾ?’ ಎಂದು ಕೇಳುತ್ತಾಳೆ. ಶಾಲೆಯ ಮಕ್ಕಳಿಗೆ ಇವತ್ತಿಗೂ ಒಂದು ಹಾಡೂ ಬಾರದು, ಎರಡು ಪೊಲ್ಕ ಬಿಟ್ಟು. ಅವನ್ನು ಶಾಲೆ ಕಲಿಸಲಿಲ್ಲ. ನೀವು ಕಲಿಸಿದಿರಿ. ಅಡುಗೆಮನೆಯಲ್ಲಿ, ತೊಡೆಯ ಮೇಲೆ ಕೂರಿಸಿಕೊಂಡು, ಮುದ್ದು ಮಾಡುತ್ತ ಕಲಿಸಿದಿರಿ.

ರಿಗೊಬೆರ್ತೊನನ್ನು ಬೈಯುವುದು ಸುಲಭ. ಅವನು ಬೆಳೆ ಕೊಯ್ಯುವವನು ಮಾತ್ರ. ಬಿತ್ತಿದವರು ಯಾರು?

ಈ ಭಾನುವಾರ ಊಟಕ್ಕೆ ಕೂತಾಗ ನಿಮ್ಮ ಮಗನನ್ನೋ ಮಗಳನ್ನೋ ಕೇಳಿ: ನಿನ್ನದು ಯಾವುದು, ಯಾಕೆ? ಕೇಳಿದ ಮೇಲೆ ಅವರು ಹೇಳಿ ಮುಗಿಸುವ ತನಕ ಬಾಯಿ ಮುಚ್ಚಿಕೊಂಡು ಕೂತಿರಿ.