ಎಡಗಿಟಕಿ, ಬಲಗಿಟಕಿ

ಮನೆಗಳ ನಕ್ಷೆ ತಯಾರಿಸುವ ಆ ಕಚೇರಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಕಿಟಕಿ ಮಾವ ಎಂದೇ. ನಕ್ಷೆಯಲ್ಲಿ ಒಂದು ಕಿಟಕಿಯನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಎದುರು ಗೋಡೆಗೆ ಕೂರಿಸಿದರೆ, ಅಳತೆ ಒಂದೇ ತಾನೇ ಎಂದು ಕಂಪ್ಯೂಟರು ಎರಡನ್ನೂ ಒಂದೇ ಗುರುತಿನಲ್ಲಿ ಪಟ್ಟಿಗೆ ಸೇರಿಸಿಬಿಡುತ್ತದೆ. ಮಾವನ ಪಿತ್ತ ನೆತ್ತಿಗೇರುವುದು ಅಲ್ಲೇ. "ಒಂದು ಎಡಕ್ಕೆ ತೆರೆಯುತ್ತೆ, ಇನ್ನೊಂದು ಬಲಕ್ಕೆ. ಬಡಗಿ ಎರಡನ್ನೂ ಎಡಕ್ಕೇ ಮಾಡಿ ತಂದ್ರೆ ನೀನೇನು ಗೋಡೆ ತಿರುಗಿಸ್ತೀಯೇನಯ್ಯಾ?" ಎಂದು ನಕ್ಷೆ ಬರೆದವನ ಮೇಲೆ ಗುಡುಗಿ, ತಾವೇ ಕೂತು ಒಂದಕ್ಕೆ 'ಎಡ', ಇನ್ನೊಂದಕ್ಕೆ 'ಬಲ' ಎಂದು ಬರೆದ ಮೇಲೆಯೇ ಅವರ ಜೀವಕ್ಕೆ ಸಮಾಧಾನ. ಈ ಗೀಳು ಕಿಟಕಿಗೇ ನಿಂತಿದ್ದರೆ ಹೇಗೋ ಸಹಿಸಬಹುದಿತ್ತು. ಅವರ ಕಾಲುಚೀಲಗಳಿಗೂ ಎಡಬಲದ ದಾರದ ಗುರುತುಂಟು, ಅದಲುಬದಲಾದರೆ ದಿನವಿಡೀ ಕುಂಟುತ್ತಾರೆ. "ಎರಡೂ ಒಂದೇ ಅಲ್ವಾ ಮಾವ?" ಎಂದು ಬಾಯಿ ತಪ್ಪಿ ಕೇಳಿದವರ ಕಥೆ ಮುಗಿಯಿತು. "ನೋಡೋಕೆ ಒಂದೇ ಥರ ಇದ್ರೆ ಒಂದೇ ಆಗ್ಬಿಡುತ್ತಾ?" ಎಂದು ಶುರುವಾದ ಪಾಠ ಊಟದ ಹೊತ್ತಿಗೆ ಮನೆಯಿಂದ ಫೋನು ಬರುವ ತನಕ ನಿಲ್ಲುವುದಿಲ್ಲ. ಫೋನು ಅವರ ವಯಸ್ಸಾದ ತಾಯಿಯದು. ಮಾವನ ಅವಳಿ ತಮ್ಮ ತೀರಿಕೊಂಡದ್ದು ಮರೆವಿನ ಆ ತಾಯಿಗೆ ನೆನಪಿಲ್ಲ. ದೊಡ್ಡ ಮಗನ ಊಟ, ನೆಗಡಿ ಎಲ್ಲ ವಿಚಾರಿಸಿಕೊಂಡ ಮೇಲೆ ಆಕೆ, "ಸರಿ, ಈಗ ಚಿಕ್ಕೋನ ಕೈಗೆ ಕೊಡು" ಎನ್ನುತ್ತಾರೆ. ಮಾವ ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಾಯಿಸಿ, ಮೆತ್ತಗೆ, "ಹೇಳಮ್ಮ, ನಾನು ಚಿಕ್ಕೋನು" ಎನ್ನುತ್ತಾರೆ.