ಎಕನಾಮಿಕ್ಸ್ ಮೇಡಂ ಕಳಿಸಿದ ಡಬ್ಬಿ

ಬಸವೇಶ್ವರನಗರದ ನಮ್ಮ ಎದುರು ಮನೆಯಲ್ಲಿ ಎಕನಾಮಿಕ್ಸ್ ಮೇಡಂ ಒಬ್ಬರಿದ್ದರು. ರಿಟೈರಾದರೂ ಅವರ ಪಾಠ ನಿಂತಿರಲಿಲ್ಲ. ತಳ್ಳುಗಾಡಿಯವನು "ನುಗ್ಗೇಕಾಯಿ ಕೊಡ್ಲಾ ಮೇಡಂ" ಎಂದರೆ ಕನ್ನಡಕವನ್ನು ತಲೆಗೇರಿಸಿ, "ಡಿಮ್ಯಾಂಡ್ ಎಲ್ಲಿದೆಯಪ್ಪ?" ಎನ್ನುತ್ತಿದ್ದರು.

ಪ್ರತಿ ಕ್ರಿಸ್‌ಮಸ್‌ಗೆ ಬೀದಿಯ ಎಲ್ಲ ಮನೆಗೂ ಅವರಿಂದ ಗಿಫ್ಟು ಬರುತ್ತಿತ್ತು. ಒಮ್ಮೆ ನಮ್ಮ ಮನೆಗೆ ಬಂದವರು, ತಾವೇ ಕೊಟ್ಟ ಮೂರು ವರ್ಷದ ಮೂರು ಹೂದಾನಿಗಳು ಪ್ಯಾಕಿಂಗ್ ಸಮೇತ ಅಟ್ಟದಲ್ಲಿ ಕೂತಿದ್ದನ್ನು ನೋಡಿಬಿಟ್ಟರು.

"ಇನ್ಮೇಲೆ ಗಿಫ್ಟ್ ಕೊಂಡು ಕೊಡಲ್ಲ. ಯಾರಿಗೂ ಬೇಡದ ಸಾಮಾನಿಗೆ ದುಡ್ಡು ಸುರಿಯೋದು ವೇಸ್ಟು" ಎಂದು ಬೀದಿಗೆಲ್ಲ ಸಾರಿದರು. ಆ ಡಿಸೆಂಬರಿನಲ್ಲಿ, ಮನೆಯಲ್ಲೇ ಕರಿದ ಸಿಹಿ ಕಲ್ಕಲ್ ಮಾತ್ರ ಸ್ಟೀಲ್ ಡಬ್ಬಿಗಳಲ್ಲಿ ಮನೆಮನೆಗೆ ಬಂತು.

"ಖಾಲಿ ಡಬ್ಬಿ ವಾಪಸ್ ಕೊಡೋಕಾಗುತ್ತೇನ್ರೀ?" ಎಂದು ನನ್ನ ಹೆಂಡತಿ ಮೈಸೂರುಪಾಕು ತಂದು ತುಂಬಿದಳು. ಪಕ್ಕದ ಮನೆಯವರು ಜಿಲೇಬಿ ತುಂಬಿದರು, ಮಹಡಿಯ ಧಾರವಾಡದವರು ಪೇಡೆ. ಗಿಫ್ಟಿಗೆ ಬರೀ ಥ್ಯಾಂಕ್ಸ್ ಹೇಳಿ ಸುಮ್ಮನಿರುತ್ತಿದ್ದ ಬೀದಿ ಈಗ ಮೂಲೆಯ ಸ್ವೀಟ್ ಅಂಗಡಿಯ ಮುಂದೆ ಕ್ಯೂ ನಿಂತಿತು.

ಶುಗರ್ ಇದ್ದ ಮೇಡಂ ಆ ಡಬ್ಬಿಗಳನ್ನೆಲ್ಲ ಊಟದ ಮೇಜಿನ ಮೇಲೆ ಸಾಲಾಗಿಟ್ಟುಕೊಂಡು ಕೂತಿದ್ದರು.

"ಡಿಮ್ಯಾಂಡ್ ಎಲ್ಲಿದೆ ಮೇಡಂ?" ಎಂದೆ.

ಕನ್ನಡಕ ತಲೆಗೇರಿತು. "ತಡೀರಿ, ಮುಂದಿನ ವರ್ಷ ಪೇಪರ್ ತಟ್ಟೇಲಿ ಕೊಡ್ತೀನಿ."

ಹಾಗೆಯೇ ಕೊಟ್ಟರು. ನನ್ನ ಹೆಂಡತಿ ಪಾತ್ರೆ ಅಂಗಡಿಗೆ ಹೋಗಿ ಹೊಸ ಸ್ಟೀಲ್ ಡಬ್ಬಿ ಕೊಂಡು, ಅದರ ತುಂಬ ಚಕ್ಕುಲಿ ಹಾಕಿ ಕೊಟ್ಟು ಬಂದಳು.

ಮೂರನೇ ದಿನ ಮೇಡಂ ಆ ಡಬ್ಬಿ ವಾಪಸ್ ತಂದುಕೊಟ್ಟು ಹೊರಟುಹೋದರು. ಮುಚ್ಚಳ ತೆಗೆದರೆ, ಒಳಗೆ ಬೇಕರಿಯಿಂದ ಕೊಂಡು ತಂದ ಪ್ಲಮ್ ಕೇಕು.